ಧಾತ್ವಗ್ನಿಯ ಕಲ್ಪನೆ ಮತ್ತು ಹಾರ್ಮೋನುಗಳ ವ್ಯತ್ಯಯ

ಉಂಡ ಅನ್ನವು ರಕ್ತವಾಗಿ, ಮಾಂಸವಾಗಿ, ಎಲುಬಾಗಿ ಹೇಗೆ ಮಾರ್ಪಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ದೇಶದ ವೈದ್ಯರು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಚರಕ, ಸುಶ್ರುತ ಮತ್ತು ವಾಗ್ಭಟರ ಗ್ರಂಥಗಳಲ್ಲಿ ಅದಕ್ಕೆ ದೊರೆಯುವ ಉತ್ತರವೇ ಧಾತುಪರಿಣಾಮದ ಸಿದ್ಧಾಂತ. ಮಧುಮೇಹ, ಥೈರಾಯ್ಡ್ ಗ್ರಂಥಿಯ ದೋಷ, ಋತುಚಕ್ರದ ಏರುಪೇರು ಮೊದಲಾದ ಹಾರ್ಮೋನು ಸಂಬಂಧವಾದ ರೋಗಗಳು ಮನೆಮನೆಯ ಮಾತಾಗಿರುವ ಇಂದಿನ ದಿನಗಳಲ್ಲಿ ಆ ಸಿದ್ಧಾಂತವು ಮತ್ತೆ ಚರ್ಚೆಗೆ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಮುಂಬಯಿಯೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ವಯಸ್ಕರ ಪೈಕಿ ನೂರಕ್ಕೆ ಸರಿಸುಮಾರು ಹನ್ನೊಂದು ಮಂದಿಯಲ್ಲಿ ಥೈರಾಯ್ಡ್ ಸ್ರಾವದ ಕೊರತೆ ಕಂಡುಬಂದಿತು.

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಕರಾವಳಿಯಿಂದಲೂ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಬಂದ ಈ ಕುಟುಂಬಗಳಲ್ಲಿ ಕಷಾಯ, ಲೇಹ್ಯ, ಪಥ್ಯಗಳ ರೂಢಿ ಇನ್ನೂ ಉಳಿದಿದೆ. ಆಯುರ್ವೇದದ ಶಿಕ್ಷಣ ಮತ್ತು ಚಿಕಿತ್ಸೆಯ ಸಂಸ್ಥೆಗಳೂ ಸಮೀಪದಲ್ಲಿಯೇ ಇವೆ. ವರ್ಲಿಯಲ್ಲಿ 1941ರಲ್ಲಿ ಆರಂಭವಾದ ಪೋದಾರ್ ಆಯುರ್ವೇದ ಮಹಾವಿದ್ಯಾಲಯವಿದೆ. ನವಿ ಮುಂಬಯಿಯ ನೆರೂಳ ಮತ್ತು ಖಾರಘರಗಳಲ್ಲಿಯೂ ಆಯುರ್ವೇದ ಮಹಾವಿದ್ಯಾಲಯಗಳಿವೆ. ಹೀಗಾಗಿ ಒಂದೇ ರೋಗಕ್ಕೆ ಇಬ್ಬರು ವೈದ್ಯರ ಸಲಹೆಯನ್ನು ಪಡೆಯುವುದು ಅಪರೂಪವೇನಲ್ಲ. ಇಂತಹ ಸಂದರ್ಭಗಳಲ್ಲಿ, ಧಾತ್ವಗ್ನಿಯೊಂದು ಸರಿಹೋದರೆ ಥೈರಾಯ್ಡ್ ಗುಳಿಗೆಯಾಗಲಿ ಇನ್ಸುಲಿನ್ ಆಗಲಿ ಬೇಕಿಲ್ಲ ಎಂಬ ಮಾತು ಬಂಧುಬಳಗದಲ್ಲಿ ಕೇಳಿಬರುವುದುಂಟು. ಆ ಮಾತಿನಲ್ಲಿ ಹುರುಳೆಷ್ಟು, ಅಪಾಯವೆಷ್ಟು ಎಂಬುದನ್ನು ಅರಿಯಬೇಕಾದರೆ ಧಾತ್ವಗ್ನಿ ಎಂದು ಶಾಸ್ತ್ರಕಾರರು ಕರೆದುದು ಏನನ್ನು ಎಂಬುದನ್ನು ಮೊದಲು ತಿಳಿಯಬೇಕು.

ಧಾತು ಮತ್ತು ಅಗ್ನಿ

ದೇಹವನ್ನು ಧಾರಣ ಮಾಡುವುದು ಯಾವುದೋ ಅದು ಧಾತು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಧಾತುಗಳು ಏಳು. ಈ ಶಬ್ದವನ್ನು ಆಧುನಿಕ ಶರೀರಶಾಸ್ತ್ರದ ಅಂಗಾಂಶ ಎಂಬ ಶಬ್ದದಿಂದ ಅನುವಾದಿಸುವುದು ವಾಡಿಕೆಯಾಗಿದೆಯಾದರೂ ಎರಡಕ್ಕೂ ಪೂರ್ಣ ಹೊಂದಿಕೆಯಿಲ್ಲ. ರಸವು ಹರಿಯುವ ದ್ರವ. ಶುಕ್ರವು ಸಂತಾನಶಕ್ತಿಯನ್ನೂ ಒಳಗೊಂಡ ಕಲ್ಪನೆ. ಅನುವಾದದ ಸೌಕರ್ಯಕ್ಕಾಗಿ ಒಪ್ಪಿಕೊಂಡ ಶಬ್ದವೊಂದು ಮುಂದೆ ಸಿದ್ಧಾಂತವೇ ಆಗಿಬಿಡುವ ಅಪಾಯ ಈ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಇದೆ.

ಆಹಾರವನ್ನು ಧಾತುವಾಗಿ ಪರಿವರ್ತಿಸುವ ಶಕ್ತಿಯೇ ಅಗ್ನಿ. ಚರಕಸಂಹಿತೆಯ ಗ್ರಹಣೀಚಿಕಿತ್ಸೆಯ ಅಧ್ಯಾಯದಲ್ಲಿ ಇದರ ವಿವರಣೆ ವಿಸ್ತಾರವಾಗಿ ಬಂದಿದೆ. ಉದರದಲ್ಲಿ ಅನ್ನವನ್ನು ಪಚನ ಮಾಡುವ ಜಠರಾಗ್ನಿ ಒಂದು. ಆಹಾರದಲ್ಲಿನ ಪಾರ್ಥಿವಾದಿ ಅಂಶಗಳನ್ನು ದೇಹಕ್ಕೆ ಹೊಂದುವಂತೆ ಮಾಡುವ ಭೂತಾಗ್ನಿಗಳು ಐದು. ಒಂದೊಂದು ಧಾತುವಿನಲ್ಲಿಯೂ ನೆಲೆಸಿ ಆಯಾ ಧಾತುವನ್ನು ರೂಪಿಸುವ ಧಾತ್ವಗ್ನಿಗಳು ಏಳು. ಹೀಗೆ ಒಟ್ಟು ಹದಿಮೂರು. ಇವುಗಳಲ್ಲಿ ಜಠರಾಗ್ನಿಯೇ ಮುಖ್ಯ, ಉಳಿದವು ಅದನ್ನೇ ಆಶ್ರಯಿಸಿವೆ ಎಂಬುದು ಶಾಸ್ತ್ರದ ಮತ. ಧಾತ್ವಗ್ನಿಯ ಪಾಕದಿಂದ ಎರಡು ಭಾಗಗಳು ಹೊರಡುತ್ತವೆ. ಸಾರಭಾಗವು ಧಾತುವನ್ನು ಪೋಷಿಸುತ್ತದೆ. ಕಿಟ್ಟಭಾಗವು ಮಲವಾಗಿ ಹೊರಬೀಳುತ್ತದೆ. ಬೆವರು ಮೇದಸ್ಸಿನ ಮಲ, ಕೂದಲು ಮತ್ತು ಉಗುರು ಅಸ್ಥಿಯ ಮಲ ಎಂಬ ಎಣಿಕೆ ಇಲ್ಲಿಂದ ಬಂದುದು.

ಒಂದು ಧಾತುವಿನಿಂದ ಮತ್ತೊಂದಕ್ಕೆ ಪೋಷಣೆ ಹೇಗೆ ಸಾಗುತ್ತದೆ ಎಂಬ ವಿಷಯದಲ್ಲಿ ವ್ಯಾಖ್ಯಾನಕಾರರಿಗೆ ಏಕಾಭಿಪ್ರಾಯವಿರಲಿಲ್ಲ. ಅವರು ಮುಂದಿಟ್ಟ ಮೂರು ನ್ಯಾಯಗಳು ಹಳ್ಳಿಯ ಬದುಕಿನಿಂದಲೇ ಆಯ್ದವು. ಹಾಲೆಲ್ಲವೂ ಮೊಸರಾಗುವಂತೆ, ಮೊಸರು ಬೆಣ್ಣೆಯಾಗುವಂತೆ ರಸವು ರಕ್ತವಾಗಿ, ರಕ್ತವು ಮಾಂಸವಾಗಿ ಕ್ರಮಕ್ರಮವಾಗಿ ಮಾರ್ಪಡುತ್ತದೆ ಎಂಬುದು ಕ್ಷೀರದಧಿ ನ್ಯಾಯ. ಕಾಲುವೆಯ ನೀರು ಮೊದಲ ಗದ್ದೆಯನ್ನು ತಣಿಸಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿಯುವಂತೆ ಒಂದೇ ರಸವು ಧಾತುಗಳನ್ನು ಸಾಲಾಗಿ ತಣಿಸುತ್ತ ಹೋಗುತ್ತದೆ ಎಂಬುದು ಕೇದಾರೀಕುಲ್ಯಾ ನ್ಯಾಯ. ಒಕ್ಕುವ ಕಣಕ್ಕೆ ನಾನಾ ದಿಕ್ಕುಗಳಿಂದ ಹಾರಿಬಂದ ಪಾರಿವಾಳಗಳು ತಮಗೆ ಬೇಕಾದ ಕಾಳನ್ನು ಆಯ್ದುಕೊಂಡು ತಮ್ಮ ತಮ್ಮ ಗೂಡಿಗೆ ಮರಳುವಂತೆ, ಪ್ರತಿಯೊಂದು ಧಾತುವಿನ ಅಂಶವೂ ಬೇರೆ ಬೇರೆ ದಾರಿಯಲ್ಲಿ ತನ್ನ ನೆಲೆಯನ್ನು ಸೇರುತ್ತದೆ, ಗೂಡು ಹತ್ತಿರವಿದ್ದರೆ ಬೇಗ, ದೂರವಿದ್ದರೆ ತಡವಾಗಿ ಎಂಬುದು ಖಲೇಕಪೋತ ನ್ಯಾಯ. ರಕ್ತದಿಂದ ಜೀವಕೋಶಗಳು ತಮಗೆ ಬೇಕಾದುದನ್ನಷ್ಟೇ ಹೀರಿಕೊಳ್ಳುತ್ತವೆಂದು ತಿಳಿದಿರುವ ಇಂದಿನ ಓದುಗನಿಗೆ ಮೂರನೆಯ ಉಪಮಾನವೇ ಹೆಚ್ಚು ಒಪ್ಪಿಗೆಯಾಗಬಹುದು. ಆದರೆ ಮೂರೂ ಉಪಮಾನಗಳು. ಪ್ರಯೋಗದಿಂದ ಪಡೆದ ನಿರ್ಣಯಗಳಲ್ಲ. ಕಾಲದ ಲೆಕ್ಕವನ್ನೂ ಅವರು ಬಿಟ್ಟಿರಲಿಲ್ಲ. ರಸವು ಒಂದೊಂದು ಧಾತುವಿನಲ್ಲಿ 3015 ಕಲೆಗಳಷ್ಟು ಹೊತ್ತು ನಿಂತು, ತಿಂಗಳೊಂದರಲ್ಲಿ ಶುಕ್ರವಾಗಿಯೂ ಸ್ತ್ರೀಯರಲ್ಲಿ ಆರ್ತವವಾಗಿಯೂ ಪರಿಣಮಿಸುತ್ತದೆ ಎಂದು ಸುಶ್ರುತಸಂಹಿತೆ ಹೇಳುತ್ತದೆ.

ಈ ಗ್ರಂಥಗಳು ವಿದ್ವಾಂಸರ ಕೈಗೆ ಶುದ್ಧಪಾಠದಲ್ಲಿ ದೊರೆಯುವಂತಾದುದರಲ್ಲಿ ಮುಂಬಯಿಯ ಪಾಲು ದೊಡ್ಡದು ಎಂಬುದನ್ನು ಇಲ್ಲಿ ನೆನೆಯಬಹುದು. ಯಾದವಜೀ ತ್ರಿಕಮಜೀ ಆಚಾರ್ಯರು ಪರಿಷ್ಕರಿಸಿದ ಚರಕ ಮತ್ತು ಸುಶ್ರುತ ಸಂಹಿತೆಗಳು ಆ ನಗರದ ನಿರ್ಣಯಸಾಗರ ಮುದ್ರಣಾಲಯದಿಂದಲೇ ಹೊರಬಂದವು. ಕನ್ನಡಕ್ಕೂ ಈ ಶಾಸ್ತ್ರ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದ್ದನು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಮಾತು ವಾಗ್ಭಟನದು. ಜಠರದಲ್ಲಿರುವ ಕಾಯಾಗ್ನಿಯ ಅಂಶಗಳೇ ಧಾತುಗಳಲ್ಲಿ ನೆಲೆಸಿವೆ. ಅವು ಮಂದವಾದರೆ ಆ ಧಾತು ಬೆಳೆಯುತ್ತದೆ, ತೀಕ್ಷ್ಣವಾದರೆ ಕ್ಷೀಣಿಸುತ್ತದೆ ಎಂದು ಅಷ್ಟಾಂಗಹೃದಯದಲ್ಲಿ ಅವನು ಪ್ರತಿಪಾದಿಸುತ್ತಾನೆ. ಬೆಳೆಯುವುದೆಂದರೆ ಇಲ್ಲಿ ಪುಷ್ಟಿಯಲ್ಲ. ಪಾಕವಾಗದೆ ಉಳಿದುದು ಶೇಖರವಾಗುವುದು, ಅದರಿಂದಾಗಿ ಮುಂದಿನ ಧಾತುವಿಗೆ ಪೋಷಣೆ ತಪ್ಪುವುದು ಎಂದು ತಿಳಿಯಬೇಕು. ಮೇದಸ್ಸು ಮಿತಿಮೀರಿ ಬೆಳೆದಿರುವ ವ್ಯಕ್ತಿಯಲ್ಲಿ ಎಲುಬು ಮತ್ತು ಸತ್ವ ದುರ್ಬಲವಾಗಿರಬಹುದೆಂಬ ವೈದ್ಯರ ಮಾತಿಗೆ ಇದೇ ಆಧಾರ.

ಹಾರ್ಮೋನು ಎಂಬ ದೂತ

ಪಾಶ್ಚಾತ್ಯ ವೈದ್ಯಶಾಸ್ತ್ರವು ಈ ಕ್ಷೇತ್ರವನ್ನು ಪ್ರವೇಶಿಸಿದುದು ತೀರ ಇತ್ತೀಚೆಗೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಎಂಬವರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು, ಮೈಯೆಲ್ಲ ಊದಿ ಜಡವಾಗಿದ್ದ ಮಹಿಳೆಯೊಬ್ಬರನ್ನು ಗುಣಪಡಿಸಿದರು. ಚಿಕಿತ್ಸೆ ಮುಂದುವರಿದು ಆಕೆ ಸುಮಾರು 28 ವರ್ಷ ಬದುಕಿದರು. 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ಸಣ್ಣಕರುಳಿನಲ್ಲಿ ಹುಟ್ಟಿದ ರಾಸಾಯನಿಕವೊಂದು ರಕ್ತದ ಮೂಲಕ ಸಾಗಿ ಮೇದೋಜೀರಕ ಗ್ರಂಥಿಯನ್ನು ಸ್ರವಿಸುವಂತೆ ಮಾಡುವುದನ್ನು ತೋರಿಸಿಕೊಟ್ಟರು. ಇಂತಹ ವಸ್ತುಗಳಿಗೆ ಹಾರ್ಮೋನು ಎಂಬ ಹೆಸರು 1905ರಲ್ಲಿ ಬಂದಿತು. ಒಂದು ಸ್ಥಳದಲ್ಲಿ ಹುಟ್ಟಿ, ರಕ್ತದಲ್ಲಿ ಸಂಚರಿಸಿ, ದೂರದ ಅಂಗವೊಂದರಲ್ಲಿ ಕಾರ್ಯವನ್ನು ಪ್ರಚೋದಿಸುವ ದೂತನೆಂದು ಇದನ್ನು ಬಣ್ಣಿಸಬಹುದು.

ಸಾಮ್ಯ ಮತ್ತು ಭೇದಗಳು ಇಲ್ಲಿಯೇ ಸ್ಪಷ್ಟವಾಗುತ್ತವೆ. ಧಾತ್ವಗ್ನಿಯು ಧಾತುವಿನ ಒಳಗೇ ಇರುವ ಪರಿವರ್ತಕ ಶಕ್ತಿ; ಹಾರ್ಮೋನು ಹೊರಗಿನಿಂದ ಬರುವ ಆಜ್ಞೆ. ಜೀವಕೋಶದೊಳಗೆ ಆಹಾರಾಂಶಗಳನ್ನು ಒಡೆಯುವ, ಕಟ್ಟುವ ಚಯಾಪಚಯ ಕ್ರಿಯೆಗೆ ಧಾತ್ವಗ್ನಿಯ ಕಲ್ಪನೆ ಹೆಚ್ಚು ಸಮೀಪ. ಆ ಕ್ರಿಯೆಯ ವೇಗವನ್ನು ಏರಿಸುವ, ಇಳಿಸುವ ಕೆಲಸ ಥೈರಾಯ್ಡ್ ಹಾರ್ಮೋನಿನದು. ಕೇಂದ್ರ ಸರ್ಕಾರದಲ್ಲಿ ಭಾರತೀಯ ವೈದ್ಯ ಪದ್ಧತಿಗಳ ಸಲಹೆಗಾರರಾಗಿದ್ದ ಡಾ. ಸಿ. ದ್ವಾರಕಾನಾಥರು 1967ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆಯುರ್ವೇದದ ಪಚನ ವಿಚಾರವನ್ನೂ ಆಧುನಿಕ ಚಯಾಪಚಯ ವಿಜ್ಞಾನವನ್ನೂ ಎದುರುಬದುರಾಗಿ ಇಟ್ಟು ವಿವೇಚಿಸಿದ್ದಾರೆ. ಅಂತಹ ತುಲನೆ ಉಪಯುಕ್ತವೇ. ಆದರೆ ಸಂಹಿತೆಗಳಲ್ಲಿ ಥೈರಾಯ್ಡ್, ಪಿಟ್ಯುಟರಿ ಮುಂತಾದ ನಿರ್ನಾಳ ಗ್ರಂಥಿಗಳ ಕಾರ್ಯವಿವರಣೆ ಇಲ್ಲ. ಇದೆಯೆಂದು ಹೇಳುವುದು ಶಾಸ್ತ್ರಕ್ಕೆ ಸಲ್ಲಿಸುವ ಗೌರವವೂ ಅಲ್ಲ.

ಗಳಗಂಡದ ನಿದರ್ಶನ

ಥೈರಾಯ್ಡ್ ಸ್ರಾವ ಕಡಿಮೆಯಾದವರಲ್ಲಿ ತೂಕದ ಹೆಚ್ಚಳ, ಜಡತ್ವ, ಅತಿನಿದ್ರೆ, ಮಲಬದ್ಧತೆ, ಚಳಿ ತಾಳಲಾರದಿರುವಿಕೆ ಕಾಣಿಸುತ್ತವೆ. ಸ್ರಾವ ಹೆಚ್ಚಾದವರು ಚೆನ್ನಾಗಿ ಉಂಡರೂ ಸೊರಗುತ್ತಾರೆ. ಬೆವರು, ಎದೆಬಡಿತ, ಕೈನಡುಕ ಇರುತ್ತವೆ. ಮಂದಾಗ್ನಿ ಮತ್ತು ತೀಕ್ಷ್ಣಾಗ್ನಿಗಳ ವರ್ಣನೆಯೊಡನೆ ಈ ಲಕ್ಷಣಗಳು ಹೊಂದಿಕೊಳ್ಳುವುದು ಆಶ್ಚರ್ಯಕರವಾಗಿದೆ. ಆದರೆ ಲಕ್ಷಣ ಒಂದಾದ ಮಾತ್ರಕ್ಕೆ ಕಾರಣವೂ ಒಂದೇ ಎನ್ನಲಾಗದು.

ಕುತ್ತಿಗೆಯಲ್ಲಿ ಊತವಾಗಿ ಕಾಣುವ ಗಳಗಂಡವನ್ನು ಸುಶ್ರುತಸಂಹಿತೆಯು ವಾತ, ಕಫ ಮತ್ತು ಮೇದಸ್ಸುಗಳಿಂದ ಹುಟ್ಟುವ ಮೂರು ಬಗೆಯಾಗಿ ವಿಂಗಡಿಸಿದೆ. ಉಸಿರಾಟಕ್ಕೆ ತೊಂದರೆ ಕೊಡುವ, ಸ್ವರ ಕೆಡಿಸುವ, ವರ್ಷ ಕಳೆದ ಗಳಗಂಡಕ್ಕೆ ಚಿಕಿತ್ಸೆಯಿಲ್ಲವೆಂದಿದೆ. ಅದಕ್ಕಿಂತಲೂ ಗಮನಾರ್ಹವಾದುದು ನೀರಿನ ಗುಣಗಳನ್ನು ಹೇಳುವಲ್ಲಿ ಬರುವ ಒಂದು ಮಾತು. ಹಿಮವತ್ಪರ್ವತದಲ್ಲಿ ಹುಟ್ಟಿದ ನದಿಗಳ ನೀರು ಗಳಗಂಡವೇ ಮೊದಲಾದ ರೋಗಗಳನ್ನು ಉಂಟುಮಾಡುತ್ತದೆ ಎಂದು ಅಲ್ಲಿ ಹೇಳಿದೆ. ರೋಗಕ್ಕೂ ಪ್ರದೇಶಕ್ಕೂ ಇರುವ ಸಂಬಂಧವನ್ನು ಕಣ್ಣಾರೆ ಕಂಡವರ ಮಾತಿದು. ಮಳೆ ಮತ್ತು ಹಿಮದ ನೀರು ಪರ್ವತಪ್ರದೇಶದ ಮಣ್ಣಿನಿಂದ ಅಯೋಡಿನ್ ಅಂಶವನ್ನು ತೊಳೆದುಬಿಡುವುದೇ ಅದಕ್ಕೆ ಕಾರಣವೆಂಬುದು ಮಾತ್ರ ಆಗ ತಿಳಿದಿರಲಿಲ್ಲ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾಧಾರಣ ಉಪ್ಪನ್ನೂ ಪೂರೈಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ದೊರೆತ ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆಯ ನ್ಯೂನತೆಗಳ ನಿಯಂತ್ರಣ ಕಾರ್ಯಕ್ರಮವೆಂಬ ಹೆಸರಾಯಿತು. ಕರ್ನಾಟಕದಲ್ಲಿಯೂ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಈ ಕೊರತೆಯ ಪ್ರದೇಶಗಳೆಂದು ಗುರುತಿಸಲ್ಪಟ್ಟಿವೆ.

ನಗರವಾಸಿಗಳ ಸ್ಥಿತಿ ಬೇರೆ. ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸುವ ಡೊಂಬಿವಲಿಯ ಗೃಹಿಣಿಗೆ ಥೈರಾಯ್ಡ್ ಕೊರತೆ ಬಂದಿದ್ದರೆ ಅದು ಬಹುಮಟ್ಟಿಗೆ ದೇಹದ ರಕ್ಷಣಾವ್ಯವಸ್ಥೆಯೇ ಆ ಗ್ರಂಥಿಯನ್ನು ಹಾನಿಗೊಳಿಸಿದುದರಿಂದ ಬಂದುದು. ನಾಶವಾದ ಗ್ರಂಥಿ ಸ್ರವಿಸದ ಹಾರ್ಮೋನನ್ನು ಗುಳಿಗೆಯ ರೂಪದಲ್ಲಿ ಒದಗಿಸುವುದೇ ಇಲ್ಲಿ ಚಿಕಿತ್ಸೆ. ಪಥ್ಯದಿಂದ ಅಗ್ನಿಯನ್ನು ದೀಪನಗೊಳಿಸಿ ಆ ಸ್ಥಾನವನ್ನು ತುಂಬಲಾಗದು. ಗರ್ಭಿಣಿಯರು ಗುಳಿಗೆಯನ್ನು ಬಿಟ್ಟರೆ ಶಿಶುವಿನ ಮಿದುಳಿನ ಬೆಳವಣಿಗೆಗೆ ಧಕ್ಕೆಯಾಗುವ ಸಂಭವವಿದೆ. ಹುಟ್ಟುವಾಗಲೇ ಈ ಕೊರತೆಯಿರುವ ಮಗುವಿಗೆ ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ತಡವಾದಷ್ಟೂ ಬುದ್ಧಿಮಾಂದ್ಯವನ್ನು ತಪ್ಪಿಸುವುದು ಕಷ್ಟ.

ಗುಳಿಗೆ ಸೇವಿಸುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಂಜಾನೆಯ ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿ ಚಹದೊಡನೆಯೇ ಅದನ್ನು ನುಂಗಿಬಿಡುವುದು ಸಾಮಾನ್ಯ. ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯ ತರುವಾಯ ಚಹ, ಉಪಾಹಾರ ತೆಗೆದುಕೊಳ್ಳಬೇಕು. ಕಬ್ಬಿಣ ಮತ್ತು ಸುಣ್ಣದ ಅಂಶದ ಗುಳಿಗೆಗಳನ್ನು ಸೇವಿಸುವುದಾದರೆ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು.

ಪ್ರಮೇಹ

ಆಯುರ್ವೇದದ ಅವಲೋಕನವು ಅತ್ಯಂತ ಸೂಕ್ಷ್ಮವಾಗಿರುವುದು ಪ್ರಮೇಹದ ಪ್ರಕರಣದಲ್ಲಿ. ಕುಳಿತಲ್ಲಿಯೇ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಅತಿಸೇವನೆ ಇವುಗಳನ್ನು ಚರಕನು ಕಾರಣಗಳೆಂದು ಎಣಿಸುತ್ತಾನೆ. ಕೆಡುವ ಧಾತುಗಳಲ್ಲಿ ಮೇದಸ್ಸಿಗೆ ಪ್ರಧಾನ ಸ್ಥಾನ. ಪ್ರಮೇಹದ ಇಪ್ಪತ್ತು ಭೇದಗಳಲ್ಲಿ ಕಫದ ಹತ್ತು ಸಾಧ್ಯ, ಪಿತ್ತದ ಆರು ಯಾಪ್ಯ, ವಾತದ ನಾಲ್ಕು ಅಸಾಧ್ಯ. ತಂದೆತಾಯಿಗಳ ಬೀಜದೋಷದಿಂದ ಬಂದುದು ಒಂದು, ಅಪಥ್ಯದಿಂದ ಬಂದುದು ಇನ್ನೊಂದು ಎಂದು ಸುಶ್ರುತಸಂಹಿತೆ ವಿಂಗಡಿಸುತ್ತದೆ. ಮೊದಲಿನವನು ಕೃಶ, ಎರಡನೆಯವನು ಸ್ಥೂಲ. ಆಧುನಿಕ ವೈದ್ಯರು ಮಧುಮೇಹವನ್ನು ಒಂದನೆಯ ಮತ್ತು ಎರಡನೆಯ ಬಗೆಯೆಂದು ವಿಂಗಡಿಸಿರುವುದಕ್ಕೆ ಇದು ತಕ್ಕಮಟ್ಟಿಗೆ ಹೋಲುತ್ತದೆ.

ಸ್ಥೂಲನಾದ ರೋಗಿಗೆ ಹೇಳಿದ ಉಪಾಯಗಳು ಇಂದಿಗೂ ಅರ್ಥಪೂರ್ಣ. ಜವೆಯಂತಹ ಧಾನ್ಯ, ಕಹಿ ಮತ್ತು ಒಗರು ರಸದ ಪದಾರ್ಥಗಳು, ವ್ಯಾಯಾಮ. ಬಡವನಾದರೆ ಛತ್ರಿ ಮೆಟ್ಟುಗಳಿಲ್ಲದೆ ಊರಿಗೊಂದು ರಾತ್ರಿಯಂತೆ ತಂಗುತ್ತ ನೂರು ಯೋಜನ ನಡೆಯಬೇಕು, ಇಲ್ಲವೆ ಬಾವಿ ತೋಡಬೇಕು ಎಂದು ಸುಶ್ರುತಸಂಹಿತೆ ವಿಧಿಸುತ್ತದೆ. ಬೋರಿಬಂದರಿನಿಂದ ಠಾಣೆಗೆ 16 ಏಪ್ರಿಲ್ 1853ರಂದು ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಇಂದು ಅದೇ ಮಾರ್ಗದಲ್ಲಿ ಕಲ್ಯಾಣ, ಡೊಂಬಿವಲಿಗಳಿಂದ ದಿನವೂ ಹೋಗಿಬರುವವರು ಸಂಜೆ ದಣಿದಿರುತ್ತಾರೆ. ಗಾಡಿಯಲ್ಲಿ ನಿಂತ ದಣಿವು ನಡಿಗೆಯ ಫಲವನ್ನು ಕೊಡುವುದಿಲ್ಲ. ನಿಲ್ದಾಣದ ಹೊರಗಿನ ವಡಾಪಾವ್, ಹಿಂದಿನ ಆಹಾರ ಜೀರ್ಣವಾಗುವ ಮೊದಲೇ ಮತ್ತೆ ತಿನ್ನುವುದು, ರಾತ್ರಿ ಹತ್ತರ ಮೇಲಿನ ಊಟ, ಉಂಡೊಡನೆ ನಿದ್ರೆ: ಅಧ್ಯಶನ, ವಿಷಮಾಶನ ಎಂದು ಶಾಸ್ತ್ರವು ನಿಂದಿಸಿದುದು ಇವನ್ನೇ. ಆಹಾರನಿಯಮ, ತೂಕದ ಇಳಿಕೆ ಮತ್ತು ದಿನವಹಿ ನಡಿಗೆಯಿಂದ ಎರಡನೆಯ ಬಗೆಯ ಮಧುಮೇಹವನ್ನು ಎಷ್ಟೋ ಮಂದಿಯಲ್ಲಿ ಮುಂದೂಡಬಹುದೆಂದು ಆಧುನಿಕ ಅಧ್ಯಯನಗಳೂ ಸಿದ್ಧಪಡಿಸಿವೆ. ಇಲ್ಲಿ ಎರಡು ಶಾಸ್ತ್ರಗಳ ಸಲಹೆಗೆ ವಿರೋಧವಿಲ್ಲ.

ಕೃಶನಾದ ರೋಗಿಯ ಮಾತು ಹಾಗಲ್ಲ. ಸಂಹಿತಾಕಾರರು ಅವನ ರೋಗವನ್ನು ಗುಣವಾಗದೆಂದು ಪ್ರಾಮಾಣಿಕವಾಗಿ ಬರೆದಿಟ್ಟರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಪಾಶ್ಚಾತ್ಯ ವೈದ್ಯರೂ ಅಷ್ಟೇ ನಿರುಪಾಯರಾಗಿದ್ದರು. ಒಂದನೆಯ ಬಗೆಯ ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲಾಂಶ ಏರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ಯಾವ ಕಷಾಯವೂ ಇದಕ್ಕೆ ಬದಲಿಯಲ್ಲ.

ಆರ್ತವದ ವ್ಯತ್ಯಯ

ಅಂಡಾಶಯದಲ್ಲಿ ಅನೇಕ ನೀರ್ಗುಳ್ಳೆಗಳಂತಹ ಕೋಶಗಳು ಕಾಣುವ, ಮುಟ್ಟು ತಡವಾಗುವ, ಮುಖದ ಮೇಲೆ ರೋಮ ಮೂಡುವ ತೊಂದರೆಯನ್ನು 1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ವರ್ಣಿಸಿದರು. ಆಯುರ್ವೇದದಲ್ಲಿ ಈ ಹೆಸರಿನ ರೋಗವಿಲ್ಲ. ಆರ್ತವವು ರಸದ ಉಪಧಾತುವಾದುದರಿಂದ ಅದರ ದೋಷವನ್ನು ರಸ ಮತ್ತು ಮೇದೋಧಾತುಗಳ ಅಗ್ನಿಮಾಂದ್ಯದಲ್ಲಿ ಹುಡುಕುವುದು ಇಂದಿನ ವೈದ್ಯರ ಕ್ರಮ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಹೆಚ್ಚಾದಾಗ ಅದು ಅಂಡಾಶಯದಲ್ಲಿ ಪುರುಷ ಹಾರ್ಮೋನಿನ ಉತ್ಪತ್ತಿಯನ್ನು ಏರಿಸುತ್ತದೆ ಎಂಬುದು ಆಧುನಿಕ ವಿವರಣೆ. ಸ್ಥೂಲಕಾಯರಲ್ಲಿ ತೂಕವು ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಎಲ್ಲ ಹುಡುಗಿಯರೂ ಸ್ಥೂಲರಲ್ಲ. ತೆಳ್ಳಗಿನವರಿಗೆ ಉಪವಾಸ ಹೇಳುವುದು ಎರಡು ಶಾಸ್ತ್ರಗಳಿಗೂ ವಿರುದ್ಧ.

ಔಷಧಿಯ ಎಚ್ಚರ

ಸಸ್ಯಮೂಲದ ಔಷಧಿ ನಿರಪಾಯವೆಂಬ ನಂಬಿಕೆ ವ್ಯಾಪಕವಾಗಿದೆ. ಹಾಗಲ, ಮೆಂತ್ಯಗಳು ರಕ್ತದ ಸಕ್ಕರೆಯನ್ನು ಇಳಿಸಬಲ್ಲವು. ಮಧುಮೇಹದ ಮಾತ್ರೆಯೊಡನೆ ಅವುಗಳ ಸಾರವನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಿಗೆ ಸಕ್ಕರೆ ಅತಿಯಾಗಿ ಕುಸಿಯುವ ಭಯವಿದೆ. ಅಶ್ವಗಂಧವು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದೆಂದು ಸಣ್ಣ ಅಧ್ಯಯನಗಳು ತಿಳಿಸುತ್ತವೆ. ಆದುದರಿಂದ ಸ್ರಾವ ಹೆಚ್ಚಿರುವವರು ಅದನ್ನು ತಾವಾಗಿಯೇ ಸೇವಿಸಬಾರದು. ಎರಡು ಪದ್ಧತಿಗಳ ಔಷಧಿಗಳನ್ನು ಒಟ್ಟಿಗೆ ಸೇವಿಸುವವರು ಇಬ್ಬರು ವೈದ್ಯರಿಗೂ ಅದನ್ನು ತಿಳಿಸಬೇಕು. ಥೈರಾಯ್ಡ್ ಗುಳಿಗೆಯ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರಗಳ ತರುವಾಯ ರಕ್ತಪರೀಕ್ಷೆ ಅವಶ್ಯಕ. ಉಪವಾಸದ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಇದ್ದರೆ ಅದು ಮಧುಮೇಹ. ನಾಡಿಪರೀಕ್ಷೆ ಬೇರೇನನ್ನೇ ಹೇಳಲಿ, ಈ ಅಂಕಿಯನ್ನು ಕಡೆಗಣಿಸುವಂತಿಲ್ಲ. ಮೂವತ್ತು ವರ್ಷ ಮೀರಿದವರಿಗೆ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಅಧಿನಿಯಮದ ಅನುಸೂಚಿಯಲ್ಲಿ ಮಧುಮೇಹ, ಗಳಗಂಡ, ಬೊಜ್ಜು, ಸ್ತ್ರೀಯರ ಬಂಜೆತನ ಇವೆಲ್ಲವೂ ಸೇರಿವೆ. ಇವುಗಳನ್ನು ಗುಣಪಡಿಸುವುದಾಗಿ ಯಾವುದೇ ಪದ್ಧತಿಯ ಔಷಧಿಯನ್ನು ಜಾಹೀರು ಮಾಡುವುದು ಅಪರಾಧ. ರೈಲುಗಾಡಿಯ ಡಬ್ಬಿಗಳಲ್ಲಿ ಅಂಟಿಸಿದ ಚೀಟಿಯಾಗಲಿ, ದೂರವಾಣಿಯಲ್ಲಿ ಬರುವ ಸಂದೇಶವಾಗಲಿ ಈ ನಿಯಮಕ್ಕೆ ಹೊರತಲ್ಲ. ಆಯುರ್ವೇದ ಔಷಧಿಯನ್ನು ಕೊಳ್ಳುವಾಗ ಹೊರಚೀಟಿಯಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಇರುವುದನ್ನು ನೋಡಿಕೊಳ್ಳಬೇಕು. ಇವಿಲ್ಲದ ಪುಡಿ ಅಥವಾ ಭಸ್ಮವನ್ನು ಯಾರೇ ಕೊಟ್ಟರೂ ಸೇವಿಸಕೂಡದು. ದೂರು ಕೊಡಬಯಸುವವರು ಖರೀದಿಯ ರಸೀದಿಯನ್ನೂ ಹೊರಚೀಟಿಯನ್ನೂ ಇರಿಸಿಕೊಂಡು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆಗೆ ಸಲ್ಲಿಸಬಹುದು.